ಮರಿಗಳ ಸದ್ದು ಕೇಳಿ ಬಾಗಿಲು ತೆರೆಯುವ ಖೈರುನಬಿ

ಕಮತಗಿಯಲ್ಲಿ ಮಗ್ಗಗಳ ಸದ್ದು ಇನ್ನೂ ಶುರುವಾಗಿಲ್ಲ. ಮನೆಯ ಹಿಂದಿನ ತಗಡಿನ ಕೋಣೆಯ ಮುಂದೆ ಖೈರುನಬಿ ಕುಕ್ಕರಗಾಲಿನಲ್ಲಿ ಕೂತಿದ್ದಾರೆ. ಚಿಲಕಕ್ಕೆ ಕೈ ಹಾಕಿಲ್ಲ. ಸೆರಗನ್ನು ಕಿವಿಯ ಹಿಂದಕ್ಕೆ ಸರಿಸಿಕೊಂಡು, ಬಾಗಿಲ ಸಂದಿಗೆ ತಲೆ ಹಚ್ಚಿ ಕೇಳುತ್ತಿದ್ದಾರೆ. ಒಳಗಿರುವುದು ಕೋಳಿಮರಿಗಳು. ಅವರ ಕೆಲಸ ನೋಡಿ ಬರೆಯಲು ಬಂದ ನಾನು ಏನೋ ಕೇಳಬೇಕೆಂದು ಬಾಯಿ ತೆರೆದರೆ ಬೆರಳೆತ್ತಿ ಸುಮ್ಮನಿರಿಸುತ್ತಾರೆ.

"ನಾವು ಒಳಗ ಹೋದಕೂಡ್ಲೇ ಅವು ದನಿ ಬದಲ ಮಾಡ್ತಾವ ತಂಗಿ" ಎನ್ನುತ್ತಾರೆ, ಆಮೇಲೆ, ಪಿಸುದನಿಯಲ್ಲಿ. "ಊಟ ಬಂತಂತ ಎಲ್ಲಾ ಕೂಡೇ ಒದರ್ತಾವ. ಜಡ್ಡಾದದ್ದೂ ಒದರತೈತಿ. ಆಗ ಯಾವುದು ಖರೆ, ಯಾವುದು ಸುಳ್ಳು ತಿಳಿಯಂಗಿಲ್ಲ. ಅದಕ್ಕ ಮೊದ್ಲ ಹೊರಗ ಕುಂತು ಕೇಳಬೇಕು."

ಥಂಡಿ ಹತ್ತಿದ ಮರಿಯ ಕೂಗು ಸೂಜಿಯಂತೆ ಚುಚ್ಚುತ್ತದೆ, ನಿಲ್ಲುವುದೇ ಇಲ್ಲ. ಸೆಕೆ ಹೆಚ್ಚಾದರೆ ಮರಿಗಳು ಕೂಗುವುದನ್ನೇ ಬಿಟ್ಟು ಬಾಯಿ ತೆರೆದು ತೇಕುತ್ತವೆ. ಎಲ್ಲವೂ ಸರಿಯಿದ್ದರೆ ಕೇಳುವ ಸದ್ದೇ ಬೇರೆ. ಅದು ಹೇಗಿರುತ್ತದೆ ಎಂದರೆ ಖೈರುನಬಿ ಹೇಳುತ್ತಾರೆ: "ಮದುವಿ ಮನ್ಯಾಗ ಮುದುಕ್ಯಾರು ಮೂಲ್ಯಾಗ ಕುಂತು ಮಾತಾಡ್ತಾರಲ್ಲ, ಹಂಗ. ಏನ್ ಮಾತಾಡ್ತಾರ ಗೊತ್ತಾಗಂಗಿಲ್ಲ, ಆದ್ರ ಹೊಟ್ಟಿ ತುಂಬೇತಿ ಅಂತ ಗೊತ್ತಾಕ್ಕೈತಿ."

ಇವತ್ತು ಮುದುಕಿಯರು ಮಾತಾಡುತ್ತಿದ್ದಾರೆ. ಖೈರುನಬಿ ಎದ್ದು, ಮನೆಯ ಚಪ್ಪಲಿ ಹೊರಗೆ ಬಿಟ್ಟು, ಆ ಕೋಣೆಗೆಂದೇ ಇಟ್ಟಿರುವ ಬೇರೆ ಚಪ್ಪಲಿ ಮೆಟ್ಟಿ ಒಳಗೆ ಕಾಲಿಡುತ್ತಾರೆ. ನೆಲದ ತುಂಬ ಶೇಂಗಾ ಸಿಪ್ಪೆ ಹಾಸಿದೆ. ಕೆಳಗೆ ಇಳಿಬಿಟ್ಟ ಬಲ್ಬಿನ ಸುತ್ತ ಅರಿಶಿನ ಚೆಲ್ಲಿದಂತೆ ಮರಿಗಳು. ಬಲ್ಬಿನ ಕೆಳಗೆ ಒಂದರ ಮೇಲೊಂದು ಬಿದ್ದಿದ್ದರೆ ಥಂಡಿ ಎಂದರ್ಥ, ಗೋಡೆಗೆ ಸರಿದು ರೆಕ್ಕೆ ಅಗಲಿಸಿದ್ದರೆ ಕಾವು ಹೆಚ್ಚು. ಹರಡಿಕೊಂಡು ಓಡಾಡುತ್ತಿದ್ದರೆ ನೆಮ್ಮದಿ.

ಅಷ್ಟರಲ್ಲಿ ಒಂದನ್ನು ಕೈಗೆತ್ತಿಕೊಂಡಿರುತ್ತಾರೆ. ಅದು ಉಳಿದವುಗಳ ಹಾಗೆಯೇ ಇದೆಯಲ್ಲ ಎಂದು ನನಗನಿಸುತ್ತದೆ. ಅವರು ಅದನ್ನು ಮಗುಚಿ ಹಿಂಭಾಗ ತೋರಿಸುತ್ತಾರೆ. ಬಿಳಿ ಹಿಕ್ಕೆ ಒಣಗಿ, ಸುಣ್ಣ ಮೆತ್ತಿದಂತೆ ದಾರಿಯನ್ನೇ ಮುಚ್ಚಿದೆ. ಉಗುರಿನಿಂದ ಕೀಳಬಾರದು, ಚರ್ಮ ಬರುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಅರಳೆ ಅದ್ದಿ ನೆನೆಸಿ, ಒರೆಸಿ, ಬಲ್ಬಿನ ಹತ್ತಿರ ಆರಿಸಿ, ಬೇರೆ ಡಬ್ಬಿಯಲ್ಲಿಡುತ್ತಾರೆ. ಕೊಕ್ಕನ್ನು ಒಮ್ಮೆ ಬೆಲ್ಲದ ನೀರಿಗೆ ಮುಟ್ಟಿಸುತ್ತಾರೆ. "ಕುಡಿ ನಮ್ಮವ್ವ, ಕುಡಿ. ಯಾರೂ ನೋಡಂಗಿಲ್ಲ."

"ಆ ಮರೀಗಿ ಇಷ್ಟ್ ಮೆತ್ತಗ ಮಾತಾಡ್ತಾಳ ನೋಡ್ರಿ. ನನಗ ಚಾ ಕುಡಿ ಅಂತ ಹಿಂಗ ಒಮ್ಮಿ ಕರದಾಳ ಕೇಳ್ರಿ" ಎನ್ನುವುದು ಹೊರಗೆ ತಮ್ಮ ಟಂಟಂ ಗಾಡಿ ಒರೆಸುತ್ತಿರುವ ಪತಿ ಫಕ್ರುಸಾಬ. ಈ ಮನೆಯಲ್ಲಿ ಖೈರುನಬಿ ಮರಿಗಳೊಂದಿಗೆ ಕನ್ನಡದಲ್ಲಿ, ಗಂಡನೊಂದಿಗೆ ಉರ್ದುವಿನಲ್ಲಿ, ಸಿಟ್ಟು ಬಂದಾಗ ಎರಡರಲ್ಲೂ ಮಾತನಾಡುತ್ತಾರೆ.

ಖೈರುನಬಿ ಹುಟ್ಟಿದ್ದು ಬಾದಾಮಿ ತಾಲ್ಲೂಕಿನ ಕುಳಗೇರಿ ಕ್ರಾಸ್‌ನಲ್ಲಿ, ತಂದೆಯ ಚಹಾದಂಗಡಿಯ ಹಿಂದಿನ ಮನೆಯಲ್ಲಿ. ಮದುವೆಯಾಗಿ ಕಮತಗಿಗೆ ಬಂದಾಗ ಅತ್ತೆಯ ಹಿತ್ತಲಲ್ಲಿ ಹಿಂಡು ಕೋಳಿಗಳಿದ್ದವು. ಒಂದು ಚಳಿಗಾಲ ಕೊಕ್ಕರೆ ರೋಗ ಬಂತು. ಕೋಳಿಗಳು ಕತ್ತು ತಿರುಚಿಕೊಂಡು ಗಿರಗಿರನೆ ಸುತ್ತಿ ಬಿದ್ದವು. "ನಮ್ಮತ್ತಿ ಯಾರೋ ಕಣ್ಣ ಹಾಕ್ಯಾರ ಅಂದ್ಲು. ನಾನೂ ಹೌದಂದೆ. ಮತ್ತೇನ್ ಅನ್ಲಿ, ಹೊಸಾ ಸೊಸಿ." ಆಮೇಲೆ ದನದ ದವಾಖಾನೆಯವರು ಊರಲ್ಲಿ ಶಿಬಿರ ಮಾಡಿದಾಗ, ಮರಿಯ ಕಣ್ಣಿಗೆ ಹಾಕುವ ಒಂದು ಹನಿ ಲಸಿಕೆ ಆ ರೋಗವನ್ನು ತಡೆಯುತ್ತದೆ ಎಂದು ಮೊದಲ ಸಲ ಕೇಳಿದರು. ಹನಿ ಹಾಕಲು ಕಲಿತರು. ಮೊದಮೊದಲು ಹನಿ ತಮ್ಮ ಸೀರೆಯ ಮೇಲೇ ಬೀಳುತ್ತಿತ್ತಂತೆ.

ಈಗ ಬಾಗಲಕೋಟೆಯಿಂದ ಒಂದು ದಿನದ ಮರಿಗಳನ್ನು ತಂದು, ಲಸಿಕೆ ಹಾಕಿ, ಚಳಿ ತಡೆಯುವಷ್ಟು ಪುಕ್ಕ ಬರುವವರೆಗೆ ಸಾಕಿ, ಸುತ್ತಲಿನ ಹೆಣ್ಣುಮಕ್ಕಳಿಗೆ ಕೊಡುತ್ತಾರೆ. ಒಂದು ತಂಡಕ್ಕೆ ಮುನ್ನೂರು ಮರಿ. ದೂರದ ಊರುಗಳಿಗೆ ಫಕ್ರುಸಾಬರ ಟಂಟಂ ಇದೆ. ಮರಿ ಕೊಟ್ಟಮೇಲೂ ಕೆಲಸ ಮುಗಿಯುವುದಿಲ್ಲ. ಕೊಟ್ಟ ಮನೆಗಳಿಂದ ಕರೆ ಬರುತ್ತಲೇ ಇರುತ್ತದೆ: ತೂಕಡಿಸ್ತೈತಿ, ರೆಕ್ಕಿ ಜೋತು ಬಿಟ್ಟೈತಿ, ಕಣ್ಣ ಮುಚ್ಚೇತಿ. ಕರೆಂಟು ಹೋದ ದಿನ ಬಿಸಿನೀರಿನ ಬಾಟಲಿಗಳಿಗೆ ಬಟ್ಟೆ ಸುತ್ತಿ ಮರಿಗಳ ನಡುವೆ ಮಲಗಿಸುತ್ತಾರೆ. ಸ್ವಂತ ತಮ್ಮನ ಮದುವೆಯಲ್ಲಿ ಊಟದ ಕೈ ತೊಳೆದವರೇ ಮನೆಯಲ್ಲಿ ಮರಿಗಳಿವೆಯೆಂದು ಬಸ್ಸು ಹತ್ತಿದರು. ತಮ್ಮ ಇವತ್ತಿಗೂ ಅದನ್ನು ಎತ್ತಿ ಆಡುತ್ತಾನೆ.

ಒಂದು ಕಟ್ಟುನಿಟ್ಟಿದೆ. ಜಡ್ಡಾದ ಮರಿಯನ್ನು ಯಾರೂ ಇವರ ಗೇಟು ದಾಟಿಸಿ ತರುವಂತಿಲ್ಲ. ಹೊರಗೆ ನಿಂತು ಕೂಗಬೇಕು, ಇವರೇ ಹೋಗಿ ನೋಡುತ್ತಾರೆ. ಬಂದು ಮಿಂದು, ಬಟ್ಟೆ ಬದಲಿಸಿದ ಮೇಲೆಯೇ ತಮ್ಮ ಮರಿಗಳ ಕೋಣೆಗೆ ಹೋಗುವುದು.

ನಾನು ಅಲ್ಲಿಗೆ ಹೋಗಿಬರುತ್ತಿದ್ದ ದಿನಗಳಲ್ಲೇ, ಆ ಮರಿಗಳಿಗೆ ಪುಕ್ಕ ಬಂದಿದ್ದಾಗ, ಒಂದು ಬೆಳಿಗ್ಗೆ ಗೇಟಿನ ಹೊರಗಿಂದ ಇಂದ್ರವ್ವನವರ ದನಿ ಬಂತು. ಎರಡು ಓಣಿ ಆಚೆ ಇಳಕಲ್ ಸೀರೆ ನೇಯುವವರು. ಹಿಂದಿನ ವಾರವಷ್ಟೇ ಇಲ್ಲಿಂದ ಮರಿ ಒಯ್ದಿದ್ದರು.

"ಏ ಅಕ್ಕಾ, ಹೊರಗ ಬಾರ ಸ್ವಲ್ಪ! ಎಂಥಾ ಮರಿ ಕೊಟ್ಟಿ ನನಗ? ರಕ್ತಾ ಹಾಕಾಕತ್ತಾವ!"

ಕೈಯಲ್ಲಿ ಮಡಿಚಿದ ಪೇಪರು. ಬಿಚ್ಚಿದರೆ ಹಸಿ ಹಿಕ್ಕೆ, ಅದರಲ್ಲಿ ಕೆಂಪು. ಖೈರುನಬಿಯವರ ಮುಖ ಬಾಡಿದ್ದು ನನಗೆ ಕಂಡಿತು. ರಕ್ತಭೇದಿ ಎಂದರೆ ಒದ್ದೆಯಾದ ನೆಲಹಾಸಿನಲ್ಲಿ ಹುಟ್ಟಿ, ಹಿಕ್ಕೆಯ ಮೂಲಕ ಮರಿಯಿಂದ ಮರಿಗೆ ಹಬ್ಬಿ, ಮರಿಗಳ ಕರುಳು ತಿನ್ನುವ ರೋಗ. ಇಂದ್ರವ್ವನವರ ಮರಿಗಳಿಗೆ ಅದು ಇಲ್ಲಿಂದಲೇ ಹೋಗಿದ್ದರೆ, ತಗಡಿನ ಕೋಣೆಯೊಳಗೆ ಮನೆ ಮನೆಗೆ ಹೊರಡಲು ತಯಾರಾಗಿದ್ದ ಮರಿಗಳಲ್ಲೂ ಅದು ಇರಬಹುದು.

ಹೋಗಿ ನೋಡಿದರು. ಮೂರ್ನಾಲ್ಕು ಮರಿಗಳು ಪುಕ್ಕ ಉಬ್ಬಿಸಿ, ಮುದುಡಿ, ಕಣ್ಣು ಮುಚ್ಚಿ ನಿಂತಿದ್ದವು. ರಕ್ತಭೇದಿಯ ಔಷಧಿಯನ್ನು ಕುಡಿಯುವ ನೀರಿಗೆ ಕಲಸಿಕೊಟ್ಟರು. ಮನೆಗೆ ಬಂದು ಸ್ನಾನ ಮಾಡಿ, ಮರಿಗಾಗಿ ಕಾಯುತ್ತಿದ್ದ ಎಲ್ಲರಿಗೂ ಫೋನು ಮಾಡಿದರು. "ಈ ಸಲದ ಮರಿ ಈಗ ಕೊಡಂಗಿಲ್ರವ್ವ. ನನಗ ಅನುಮಾನ ಐತಿ." ಯಾವ ಅನುಮಾನವೆಂದು ಯಾರೂ ಕೇಳಬೇಕಾಗಿರಲಿಲ್ಲ. ಸಂಜೆಯೊಳಗೆ ನಳದ ಹತ್ತಿರ ಸುದ್ದಿ ಆಗಿತ್ತು: ಖೈರುನಬಿ ಮರಿಗೆ ರೋಗ ಬಂದೈತಂತ. ಇಷ್ಟು ವರ್ಷ ಜನ ಅವರ ಮರಿ ಒಯ್ದದ್ದು ಕಣ್ಣು ಮುಚ್ಚಿ ಒಯ್ಯಬಹುದು ಎಂಬ ಒಂದೇ ಕಾರಣಕ್ಕೆ. ಆ ನಂಬಿಕೆ ಹೋದರೆ ತಗಡಿನ ಕೋಣೆಯಲ್ಲಿ ಉಳಿಯುವುದೇನು? ಆ ಸಂಜೆ ಫಕ್ರುಸಾಬರೂ ಚೇಷ್ಟೆ ಮಾಡಲಿಲ್ಲ.

ಔಷಧಿ ಕೊಟ್ಟರೂ ಇಂದ್ರವ್ವನವರ ಮರಿಗಳು ಚೇತರಿಸಿಕೊಳ್ಳಲಿಲ್ಲ. ಒಂದು ಸತ್ತಿತು. ಅದನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ, ರಟ್ಟಿನ ಡಬ್ಬಿಯಲ್ಲಿಟ್ಟುಕೊಂಡು ಖೈರುನಬಿ ಹುನಗುಂದದ ಬಸ್ಸು ಹತ್ತಿದರು. ನಾನೂ ಜೊತೆಗಿದ್ದೆ.

"ಏನ್ರಿ ಅದು, ಕೋಳಿ ಏನು? ಕೋಳೀಗೂ ಟಿಕೀಟ್ ತಗೀಬೇಕ್ರಿ" ಎಂದರು ಕಂಡಕ್ಟರು.

"ಸತ್ತೈತ್ರಿ."

ಕಂಡಕ್ಟರು ಮುಂದಿನ ಸೀಟಿಗೆ ಹೋದರು.

ದನದ ದವಾಖಾನೆಯ ಡಾಕ್ಟರ್ ಆನಂದ ಅವರಿಗೆ ಖೈರುನಬಿ ಬಹಳ ವರ್ಷಗಳಿಂದ ಗೊತ್ತು. ಮರಿಯನ್ನು ಕೊಯ್ದು ಕರುಳು ಬಿಡಿಸಿ ನೋಡಿದರು. "ಕರುಳು ಸ್ವಚ್ಛ ಐತೆಲ್ರೀ ಖೈರುನಬಿ. ಇದು ರಕ್ತಭೇದಿ ಅಲ್ಲ." ಆಮೇಲೆ ಎದೆಯ ಮೇಲಿನ, ತಿಂದದ್ದು ಮೊದಲು ಬಂದು ಸೇರುವ ಚೀಲವನ್ನು ಬಿಡಿಸಿದರು. ಅದು ಗಟ್ಟಿಯಾಗಿತ್ತು. ಚಿಮಟದಲ್ಲಿ ಹಿಡಿದು ಎಳೆದರೆ ಉಂಡೆಯಾದ ಕೆಂಪು ಎಳೆಗಳು ಒಂದರ ಹಿಂದೊಂದು ಬಂದವು.

ಖೈರುನಬಿ ಬಗ್ಗಿ ನೋಡಿದರು. "ರೇಷ್ಮಿ ಐತ್ರಿ ಸರ್. ಸೆರಗಿನ ರೇಷ್ಮಿ."

ಇಳಕಲ್ ಸೀರೆಯ ಸೆರಗಿನ ಕೆಂಪು ರೇಷ್ಮೆಯ ಉದ್ದನೂಲನ್ನು ಒಡಲಿನ ಉದ್ದನೂಲಿಗೆ ಎಳೆ ಎಳೆಯಾಗಿ ಜೋಡಿಸುತ್ತಾರೆ. ಜೋಡಿಸುವಾಗ ಕತ್ತರಿಸಿದ ತುದಿಗಳು ನೆಲಕ್ಕೆ ಬೀಳುತ್ತವೆ. ಇಂದ್ರವ್ವ ಮರಿಗಳನ್ನು ಇಟ್ಟುಕೊಂಡಿದ್ದು ಮಗ್ಗದ ಪಕ್ಕದಲ್ಲಿ. "ನೇಯ್ಕೋತ ಕಣ್ಣ ಮುಂದ ಇರ್ಲಿ, ಬೆಕ್ಕು ಬರಬಾರ್ದು ಅಂತ ಇಟ್ಟಿದ್ನೆವ್ವ" ಎಂದು ಅವರು ಆಮೇಲೆ ಹೇಳಿದರು. ಮರಿಗಳು ಕೆಂಪು ತುಣುಕುಗಳನ್ನು ಹುಳವೆಂದು ಹೆಕ್ಕಿ ನುಂಗಿದ್ದವು. ಹಿಕ್ಕೆಯಲ್ಲಿ ಕಂಡದ್ದು ಆ ಎಳೆಗಳ ಚೂರು, ಅವುಗಳ ಬಣ್ಣ.

ಬಸ್ಸಿಳಿದು ಖೈರುನಬಿ ಹೋಗಿದ್ದು ನೇರವಾಗಿ ಇಂದ್ರವ್ವನವರ ಮನೆಗೆ. ಈ ಸಲ ಮೊದಲು ನೆಲ ನೋಡಿದರು. ಮಗ್ಗದ ಬುಡದಲ್ಲಿ ಕೆಂಪು ಚೂರುಗಳು ಬಿದ್ದೇ ಇದ್ದವು. "ನಾ ಮರಿ ನೋಡಿದೆ, ಮನಿ ನೋಡ್ಲಿಲ್ಲ" ಎಂದು ಹಣೆ ಬಡಿದುಕೊಂಡರು. ಆಮೇಲೆ ಇಬ್ಬರೂ ಕೂತರು. ಒಬ್ಬರು ಮರಿ ಹಿಡಿದರೆ ಇನ್ನೊಬ್ಬರು ಕೊಕ್ಕಿನೊಳಗೆ ಬೆಚ್ಚಗಿನ ಎಣ್ಣೆಯ ಹನಿ ಬಿಟ್ಟು, ಗಟ್ಟಿಯಾದ ಚೀಲವನ್ನು ಹೆಬ್ಬೆರಳಿನಿಂದ ಮೆಲ್ಲಗೆ ಮೆದುವಾಗುವವರೆಗೆ ತೀಡಿದರು. ಒಂದರ ಬಾಯಿಂದ ಎಳೆ ಜೋತಾಡುತ್ತಿತ್ತು. ಇಂದ್ರವ್ವ ಎಳೆಯಲು ಹೋದರು.

"ಜಗ್ಗಬ್ಯಾಡ! ಒಳಗ ಎಲ್ಲಿ ಸುತ್ತೇತೋ ಏನೋ. ಕತ್ರಿ ತಗೊಂಬಾ."

ಇನ್ನೊಂದು ಮರಿ ಉಳಿಯಲಿಲ್ಲ. ಮಿಕ್ಕವು ಒಂದೊಂದಾಗಿ ನುಚ್ಚಿಗೆ ಬಾಯಿ ಹಾಕಿದವು.

ಈಗ ನಳದ ಹತ್ತಿರದ ಮಾತು ಇಂದ್ರವ್ವನವರ ಕಡೆ ತಿರುಗಿತು. ಮರಿಗೆ ಸೀರಿ ತಿನಿಸ್ಯಾಳಂತ ಎಂದು ಜನ ನಗಲು ಶುರುಮಾಡಿದರು. ಫಕ್ರುಸಾಬರಿಗೆ ಉಸಿರು ಬಂತು. "ಮರೀದೇನೂ ತಪ್ಪಿಲ್ಲ ಅಂತ ಆತಲ್ಲ, ಬಿಡು ಇನ್ನ."

ಖೈರುನಬಿ ಬಿಡಲಿಲ್ಲ. ಮನೆ ಮನೆಗೆ ಹೋಗಿ ತಾವೇ ಹೇಳಿ ಬಂದರು: ಕೆಂಪು ಕಂಡಕೂಡಲೇ ರಕ್ತಭೇದಿಯೆಂದದ್ದು ನಾನು, ಬೇಡದ ಔಷಧಿ ಕೊಟ್ಟದ್ದು ನಾನು, ಮಗ್ಗದ ಮನೆಗೆ ಮರಿ ಕೊಡುವಾಗ ನೂಲಿನ ಮಾತು ಹೇಳದೇ ಹೋದದ್ದೂ ನಾನೇ. ಅಷ್ಟು ಯಾಕೆ ಎಂದು ನಾನು ಕೇಳಿದೆ. "ಮರಿ ಚೊಲೋ ಅದಾವ ಅಂತಷ್ಟ ಹೇಳಿ ಬಂದ್ರ ಇಂದ್ರವ್ವ ಕೆಟ್ಟಾಕಿ ಆಗ್ತಾಳ. ಆಕಿ ಏನ್ ಮಾಡ್ಯಾಳ? ಬೆಕ್ಕಿಗಿ ಅಂಜ್ಯಾಳ, ಅಷ್ಟ."

ಮತ್ತೆ ಮರಿ ಕೊಡುತ್ತೇನೆಂದು ಹೇಳಿದ್ದ ಬೆಳಿಗ್ಗೆ ಖೈರುನಬಿ ಗೇಟಿನ ಬಳಿಯೇ ನಿಂತಿದ್ದರು. ಬಿಸಿಲು ಏರಿದರೂ ಯಾರೂ ಬರಲಿಲ್ಲ. ಚಹಾ ಆರಿ ಕೆನೆಗಟ್ಟಿತು. ಆಮೇಲೆ ಓಣಿಯ ತಿರುವಿನಲ್ಲಿ ಬುಟ್ಟಿ ಹಿಡಿದ ರಮಾಬಾಯಿ ಕಂಡರು, ಪಕ್ಕದ ಓಣಿಯವರು. "ಅಕ್ಕಾ, ನನಗ ದಾರಾ ತಿನ್ನಲಾರದ್ದು ಕೊಡು ಮತ್ತ!" ಎಂದು ದೂರದಿಂದಲೇ ಕೂಗಿದರು. ಅವರ ಹಿಂದೆ ಇನ್ನಿಬ್ಬರು. ಕೊನೆಗೆ ಇಂದ್ರವ್ವ. ಮಗ್ಗದಿಂದ ದೂರ, ಹಿತ್ತಲಲ್ಲಿ ಮರಿಗಳಿಗೆ ಜಾಗ ಮಾಡಿದ್ದೇನೆ ಎಂದು ಹೇಳಿ, ಸತ್ತವಕ್ಕೆ ಬದಲಾಗಿ ಎರಡು ಮರಿ ಕೇಳಿದರು. ಖೈರುನಬಿ ಆರಿಸಿ ಆರಿಸಿ ಕೊಟ್ಟರು.

ಮುಂದಿನ ನಾಲ್ಕಾರು ದಿನಗಳಲ್ಲಿ ಕೋಣೆ ಅರ್ಧ ಖಾಲಿಯಾದ ಮೇಲೆ, ನಾನು ಹೊರಡುವ ಮುಂಚೆ, ನಿಮಗೇನು ಆಸೆ ಎಂದು ಕೇಳುತ್ತೇನೆ. ದೊಡ್ಡ ಶೆಡ್ಡು ಎನ್ನುತ್ತಾರೇನೋ ಎಂದುಕೊಂಡಿರುತ್ತೇನೆ. ಖೈರುನಬಿ ಶೇಂಗಾ ಸಿಪ್ಪೆ ಗುಡಿಸುವುದನ್ನು ನಿಲ್ಲಿಸುವುದಿಲ್ಲ.

"ಮರಿ ಸತ್ರ ಹೆಣ್ಣಮಕ್ಕಳು ಅದನ್ನ ತಿಪ್ಪಿಗಿ ಒಗದು ಸುಮ್ಮ ಕುಂದರ್ತಾರ ತಂಗಿ. ಹಂಗ ಕುಂದರಬಾರ್ದು. ಇಂದ್ರವ್ವ ಬೈಕೋತ ಬಂದ್ಲು, ಅದಕ್ಕ ಆಕೀವು ಮಿಕ್ಕ ಮರಿ ಬದುಕಿದ್ವು. ಬೈಯಾಕಾದ್ರೂ ಬರ್ಲಿ. ನನ್ನ ಗೇಟಿಗೆ ಬರ್ಲಿ."