ಕೊಂಡಿಯ ದಿನದ ಗುಳಿಗೆ

ಅವ್ವನ ಹೃದಯದ ಕವಾಟ ಸೋರುತ್ತಿದೆ ಎಂದು ಬಾಗಲಕೋಟೆಯ ಡಾಕ್ಟರು ಹೇಳಿದಾಗ ನನಗೆ ಮೊದಲು ಬಂದದ್ದು ಸಿಟ್ಟು. ವರ್ಷದಿಂದ ನಾಲ್ಕು ಮೆಟ್ಟಿಲು ಹತ್ತಿದರೆ ದಮ್ಮು ಹತ್ತುತ್ತಿತ್ತು, ಕಾಲು ಊದಿಕೊಳ್ಳುತ್ತಿದ್ದವು. ಕೇಳಿದರೆ ‘ವಯಸ್ಸಾತಲ್ಲ’ ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದಳು. ನಾನು ಹುನಗುಂದದ ಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಹೃದಯದ ಚಿತ್ರವನ್ನು ಬೋರ್ಡಿನ ಮೇಲೆ ಕಣ್ಣು ಮುಚ್ಚಿ ಬರೆಯುತ್ತೇನೆ. ಮನೆಯಲ್ಲಿದ್ದದ್ದು ಮಾತ್ರ ಕಾಣಲಿಲ್ಲ.

ಡಾಕ್ಟರು ಎರಡು ದಾರಿ ಹೇಳಿದರು. ತೊಡೆಯ ರಕ್ತನಾಳದಿಂದ ತೆಳ್ಳನೆಯ ನಳಿಕೆ ಕಳಿಸಿ, ಸರಿಯಾಗಿ ಕೂಡದ ಕವಾಟದ ಪದರಗಳಿಗೆ ಕ್ಲಿಪ್ ಹಾಕುವುದು ಒಂದು, ಎದೆ ಕೊಯ್ಯುವುದಿಲ್ಲ. ಇನ್ನೊಂದು, ಗುಳಿಗೆ.

‘ಮೊದಲ ಮೂರು ತಿಂಗಳು ಗುಳಗಿ ಬರೋಬ್ಬರಿ ತಗೋರಿ. ಆದ್ರೂ ದಮ್ಮು ಕಡಿಮಿ ಆಗ್ಲಿಲ್ಲಂದ್ರ ಕ್ಲಿಪ್ ಹಾಕ್ಸೋಣು. ಹೃದಯ ಭಾಳ ಹಿಗ್ಗಿದ ಮ್ಯಾಲ ಬಂದ್ರ ಅದರಿಂದ ಉಪಯೋಗಿಲ್ರಿ,’ ಎಂದರು.

ಇಳಕಲ್ಲಿನ ನಮ್ಮ ಓಣಿಯಲ್ಲಿ ಕೊಂಡಿ ಹಾಕುವುದೆಂದರೆ ಅವ್ವನೇ ಬರಬೇಕು. ಸೀರೆಯ ಮೈಯ ಎಳೆಗಳಿಗೆ ಸೆರಗಿನ ಎಳೆಗಳನ್ನು ಒಂದೊಂದಾಗಿ ಸಿಕ್ಕಿಸುವ ಕೆಲಸ ಅದು. ಇಬ್ಬರು ಹೆಂಗಸರು ಎದುರುಬದುರು ಕೂತು ಮಾಡುತ್ತಾರೆ. ಒಬ್ಬಳು ಎದ್ದರೆ ಇನ್ನೊಬ್ಬಳ ಕೈಯೂ ನಿಲ್ಲುತ್ತದೆ, ಮಗ್ಗವೂ ಕಾಯುತ್ತದೆ. ಬೆಳಗಿನ ಗುಳಿಗೆಗಳಲ್ಲಿ ಒಂದು, ಮೈಯಲ್ಲಿ ನಿಂತ ನೀರನ್ನು ಮೂತ್ರವಾಗಿ ಹೊರಗೆ ಹಾಕುವಂಥದ್ದು. ಅದನ್ನು ನುಂಗಿದರೆ ಮಧ್ಯಾಹ್ನದ ತನಕ ಬಚ್ಚಲಿಗೆ ಓಡಾಟ.

ಎರಡನೆಯ ತಿಂಗಳಲ್ಲಿ ಅಕ್ಕಿ ಡಬ್ಬಿಯ ಹಿಂದೆ ನನಗೆ ಗುಳಿಗೆಗಳು ಸಿಕ್ಕವು. ಕೊಂಡಿಗೆ ಕರೆ ಬಂದ ದಿನ, ನೀರಿನದು ಯಾವುದೆಂದು ತಿಳಿಯದೆ, ಬೆಳಗಿನವನ್ನೆಲ್ಲ ಬಿಟ್ಟುಬಿಡುತ್ತಿದ್ದಳು. ವಾರದಲ್ಲಿ ಮೂರು ನಾಲ್ಕು ದಿನ ಕರೆ ಬರುತ್ತಿತ್ತು.

‘ಎದ್ದೆದ್ದು ಹೋದ್ರ ಎದುರಿಗೆ ಕುಂತಾಕಿ ಏನಂದ್ಕೊಂಡಾಳು? ನಾಚಿಕಿ ಬರಂಗಿಲ್ಲೇನ ನನಗ? ಡಾಕ್ಟರಿಗೆ ಹೇಳಿಗೀಳಿ ಮತ್ತ!’

ರೇಗಾಡಿದೆ. ಎರಡು ದಿನ ಮಾತು ಬಿಟ್ಟೆ. ಅವಳು ನಾಲ್ಕು ದಿನ ಸರಿಯಾಗಿ ನುಂಗಿ, ಐದನೆಯ ದಿನ ಗುಳಿಗೆ ಬಿಟ್ಟು ಪಕ್ಕದ ಮನೆಯ ಮಗ್ಗಕ್ಕೆ ಹೋದಳು.

ಮೂರು ತಿಂಗಳಾದ ಮೇಲೆ ಡಾಕ್ಟರು ಕೇಳಿದರು: ‘ಗುಳಗಿ ದಿನಾ ತಗೊಂಡ್ರೇನ್ರಿ? ದಮ್ಮು ಹೆಂಗೈತಿ?’

‘ತಗೊಂಡೇನ್ರಿ. ಏನೂ ತ್ರಾಸಿಲ್ರಿ, ಆರಾಮದೇನಿ,’ ಎಂದಳು ಅವ್ವ, ನೆಂಟರಿಗೆ ಹೇಳುವಂತೆ.

ಡಾಕ್ಟರು ನನ್ನ ಕಡೆ ತಿರುಗಿದರು. ಮಲಗಿದರೆ ಉಸಿರು ಸಿಗದೆ ಅವಳು ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದುದು ನನಗೆ ಗೊತ್ತಿತ್ತು. ಪರರ ಮುಂದೆ ಅವ್ವನನ್ನು ಸುಳ್ಳುಗಾರ್ತಿ ಮಾಡಲು ಮನಸ್ಸಾಗಲಿಲ್ಲ. ಅದಷ್ಟೇ ಅಲ್ಲ, ಹೇಳಿಬಿಡುತ್ತೇನೆ. ಕ್ಲಿಪ್ ಎಂದರೆ ನನಗೇ ಹೆದರಿಕೆ. ಹೃದಯದೊಳಗೆ ನಳಿಕೆ ಆಡಿಸುವಾಗ ಏನಾದರೂ ಆದರೆ, ಒಪ್ಪಿಗೆಯ ಕಾಗದಕ್ಕೆ ಸಹಿ ಮಾಡಿದವಳು ನಾನಾಗುತ್ತೇನೆ.

‘ಹೌದ್ರೀ, ಆರಾಮದಾಳ,’ ಎಂದೆ.

ಸೋರಿಕೆ ಹಾಗೇ ಇದೆ, ಆದರೆ ತ್ರಾಸಿಲ್ಲದಿದ್ದರೆ ಅವಸರ ಬೇಡ ಎಂದು ಅವರು ಅದೇ ಗುಳಿಗೆ ಮುಂದುವರಿಸಿದರು. ನಾವು ಹೇಳಿದ್ದನ್ನು ನಂಬಿದರು, ಅವರದೇನು ತಪ್ಪು?

ಮತ್ತೆ ಹೋದದ್ದು ಏಳು ತಿಂಗಳ ಮೇಲೆ. ಅಷ್ಟರಲ್ಲಿ ಅವ್ವನ ಹೊಟ್ಟೆಯಲ್ಲೂ ನೀರು ತುಂಬಿತ್ತು, ಮಾತು ಅರ್ಧಕ್ಕೆ ನಿಲ್ಲುತ್ತಿತ್ತು. ಅವಳನ್ನು ಹೊರಗೆ ಕೂರಿಸಿ ಡಾಕ್ಟರಿಗೆ ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

‘ಹೃದಯ ಭಾಳ ಹಿಗ್ಗೇತ್ರಿ. ಈಗ ಕ್ಲಿಪ್ ಹಾಕಿದ್ರೂ ಅವರಿಗೆ ಲಾಭಿಲ್ಲ. ಗುಳಗಿ ಕೊಡೂಣು, ಇದ್ದಷ್ಟು ದಿನ ಸಂಕಟ ಕಡಿಮಿ ಆಗ್ಲಿ.’

ಹೊರಗೆ ಬಂದೆ. ಬೆಂಚಿನ ಮೇಲೆ ಕೂತಿದ್ದ ಅವ್ವ ಸೆರಗು ಸರಿಮಾಡಿಕೊಂಡಳು.

‘ಏನಂದ್ರು?’

‘ಕ್ಲಿಪ್ ಬ್ಯಾಡಂತವ್ವಾ. ಗುಳಗೀನ ಸಾಕಂತ.’

ಅವ್ವನ ಮುಖ ಅರಳಿತು. ಉಸಿರು ಸಾಲದೆ ನಡುವೆ ಎರಡು ಸಲ ನಿಂತು ಹೇಳಿದಳು: ‘ನಾ ಹೇಳಿದ್ದಿಲ್ಲೇನ? ಸುಳ್ಳ ಅಂಜಸ್ತಿದ್ದಿ ನನ್ನ.’