ಬೆಳಕು ಬಿಡದ ಪರದೆ

ನಾನು ಮದುವೆಯಾಗಿ ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿಗೆ ಬಂದಾಗ ಪಕ್ಕದ ಮನೆಯಲ್ಲಿ ಎಂಜಿನ್ ಡ್ರೈವರೊಬ್ಬರ ಹೆಂಡತಿ ಇದ್ದರು. ಅವರನ್ನು ನಾನು ಅಕ್ಕ ಎನ್ನುತ್ತಿದ್ದೆ. ಎಂಜಿನ್ನಿನ ಮಸಿ ಎಲ್ಲರ ಮನೆಗೂ ನುಗ್ಗುತ್ತಿತ್ತು. ಅವರ ಕಿಟಕಿಯ ಪರದೆ ಮಾತ್ರ ಕಪ್ಪಾಗಿದ್ದನ್ನು ನಾನು ಕಂಡಿಲ್ಲ. ನಮ್ಮ ಪರದೆಯನ್ನು ಸೀದಾ ನೀರಿಗೆ ಅದ್ದಲು ಹೋದರೆ ಬೇಲಿಯಾಚೆಯಿಂದ ಕೂಗುತ್ತಿದ್ದರು: "ಮೊದ್ಲು ಕೊಡವು ಕಣಮ್ಮ, ಆಮೇಲೆ ನೀರು! ಇಲ್ದಿದ್ರೆ ಮಸಿ ಬಟ್ಟೆಗೆ ಹಿಡ್ಕೊತೈತೆ."

ಒಮ್ಮೆ ಎಂಜಿನ್ನಿನ ಬೆಂಕಿ ಮುಖಕ್ಕೆ ಸಿಡಿದು ಅವರ ಗಂಡನ ಕಣ್ಣು ಸುಟ್ಟಿತು. ಕೋಣೆಯಲ್ಲಿ ಬೆಳಕೂ ಇರಬಾರದು, ದೂಳೂ ಇರಬಾರದು ಎಂದ ಡಾಕ್ಟರು, ದೃಷ್ಟಿ ಮರಳುವ ಭರವಸೆ ಕೊಡಲಿಲ್ಲ.

ಅಕ್ಕ ದಪ್ಪ ಬಟ್ಟೆಯ ಪರದೆಗಳನ್ನು ಹೊಲಿದರು. ದಿನವೂ, ಒಗೆದ ಇನ್ನೊಂದು ಪರದೆಯನ್ನು ಹಳೆಯದರ ಮೇಲೆ ಕಟ್ಟಿದ ನಂತರವೇ ಒಳಗಿನ ಮಸಿ ಹಿಡಿದ ಪರದೆಯನ್ನು ಮೆಲ್ಲಗೆ ಮಡಿಸಿಕೊಂಡು ಹೊರಗೆ ತರುತ್ತಿದ್ದರು. ಹಿತ್ತಿಲ ಕೊನೆಗೆ ಹೋಗಿ ಕೊಡವಿ, ಅಂಟುವಾಳದ ನೊರೆಯಲ್ಲಿ ನೆನೆಸಿ, ಹಿಂಡದೆ ನೆರಳಲ್ಲಿ ಒಣಹಾಕುತ್ತಿದ್ದರು. ಅಷ್ಟು ದಿನವೂ ಆ ಕೋಣೆಗೆ ಬೆಳಕಿನ ಒಂದು ಗೆರೆಯೂ ಬೀಳಲಿಲ್ಲ. ನಾನು ಕೈಯ ಕೆಲಸ ಮರೆತು ನೋಡುತ್ತ ನಿಂತುಬಿಡುತ್ತಿದ್ದೆ.

ಕಣ್ಣಿನ ಪಟ್ಟಿ ಬಿಚ್ಚಿದ ದಿನ ನಾನೂ ಬಾಗಿಲಲ್ಲಿದ್ದೆ. ಡಾಕ್ಟರು ಬೆಳಕು ಬಿಡಬಹುದೆಂದು ತಲೆಯಾಡಿಸಿದ ಮೇಲೆ ಅಕ್ಕ ಪರದೆಯನ್ನು ಇಷ್ಟಿಷ್ಟೇ ಸುತ್ತಿ ಮೇಲೆತ್ತಿದರು.

"ಏನಾದ್ರೂ ಕಾಣ್ತೈತೇನ್ರೀ?"

ಅವರ ಗಂಡ ಕಣ್ಣು ಕಿರಿದು ಮಾಡಿ ಪರದೆಯತ್ತ ನೋಡಿದರು. ಆಮೇಲೆ ಅಂದರು: "ನಿನ್ನ ಕೈ ಕಾಣ್ತೈತೆ ಕಣೇ. ಯಾಕೆ ಹಿಂಗೆ ಕರ್ರಗಾಗೈತೆ?"

ಅಕ್ಕ ಎರಡೂ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಗೋಡೆಗೆ ಮುಖ ಮಾಡಿ ಜೋರಾಗಿ ಅತ್ತುಬಿಟ್ಟರು.