ಮೆಣಸಿನಕಾಯಿ ಮನೆತನದ ಮೀನಿನ ಮೇಡಂ

ರೈಲು ಬ್ಯಾಡಗಿ ನಿಲ್ದಾಣದಲ್ಲಿ ನಿಂತಾಗ ಯಾರೋ ಕಿಟಕಿ ಎತ್ತಿದರು. ಒಳಗೆ ನುಗ್ಗಿದ ಗಾಳಿಯ ತುಂಬ ಒಣ ಮೆಣಸಿನಕಾಯಿಯ ಘಾಟು. ಎದುರಿನ ಸೀಟಿನವರು ಕೆಮ್ಮುತ್ತ ಕರವಸ್ತ್ರ ಹುಡುಕಿಕೊಂಡರು. ನಾನು ಮಾತ್ರ ಉದ್ದಕ್ಕೆ ಉಸಿರೆಳೆದುಕೊಂಡೆ. ಬೇರೆಯವರಿಗೆ ಅದು ಬರೀ ಮೆಣಸಿನಕಾಯಿಯ ವಾಸನೆ. ನನಗೆ ಅದರ ಬೆನ್ನಿಗೇ ಬಿಸಿಲಿನಲ್ಲಿ ಒಣಗುವ ಮೀನಿನ ವಾಸನೆಯೂ ಬರುತ್ತದೆ, ಅದರ ಹಿಂದೆ ಒಬ್ಬ ಹೆಣ್ಣುಮಗಳು ಬರುತ್ತಾರೆ. ಬಿಳಿ ಕೋಟು, ರಬ್ಬರಿನ ಬೂಟು, ಹಣೆಯ ಮೇಲೆ ತೆಳ್ಳಗೆ ವಿಭೂತಿ...

ಅವರನ್ನು ನಾವು ಮೇಡಂ ಎಂದೇ ಕರೆಯುತ್ತಿದ್ದೆವು. ಹಾವೇರಿಯ ಹೊರವಲಯದಲ್ಲಿದ್ದ ನಮ್ಮ ಸಣ್ಣ ಸಂಶೋಧನಾ ಕೇಂದ್ರದಲ್ಲಿ ಅವರು ವಿಜ್ಞಾನಿ, ನಾನು ಪ್ರಯೋಗಾಲಯದ ಸಹಾಯಕ. ಸಮುದ್ರ ಇಲ್ಲಿಂದ ದೂರ. ಆದರೆ ಕೆರೆಗಳಿವೆ, ತುಂಗಭದ್ರೆ ಇದೆ. ಕೆರೆಯಲ್ಲಿ ಮೀನು ಹಿಡಿದ ದಿನ ಎಲ್ಲರ ಬುಟ್ಟಿಯಲ್ಲೂ ಮೀನೇ. ಸಂಜೆಯಾಗುತ್ತಲೇ ಕೇಳುವವರಿಲ್ಲ, ಮರುದಿನ ಅದು ಗೊಬ್ಬರ. ಅದರಲ್ಲೂ ಜಿಲೇಬಿ ಮೀನು ಎಂದು ಜನ ಕರೆಯುವ ಸಣ್ಣ ಮೀನಿಗೆ ಬೆಲೆಯೇ ಇರಲಿಲ್ಲ. ಹಾಗೆ ಉಳಿದ ಮೀನನ್ನು ತಿಂಗಳುಗಟ್ಟಲೆ ಕೆಡದಂತೆ ಮಾಡುವುದು ಹೇಗೆ ಎಂಬುದೇ ಮೇಡಂ ಅವರ ಸಂಶೋಧನೆ.

ಅವರು ಹುಟ್ಟಿದ್ದು ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರದ ಮನೆತನದಲ್ಲಿ. ಮನೆಯಲ್ಲಿ ಮೊಟ್ಟೆಯನ್ನೂ ಮುಟ್ಟುವವರಲ್ಲ. ಮಗಳು ಮೀನು ಸೀಳುವ ಕೆಲಸಕ್ಕೆ ಸೇರಿದ್ದು ತಂದೆಗೆ ಹಿಡಿಸಿರಲಿಲ್ಲ. ಆದರೂ ತಡೆಯಲಿಲ್ಲವಂತೆ. ಮಗಳು ಕಚೇರಿಯಿಂದ ಬಂದ ಮೇಲೆ ಹಿತ್ತಲಲ್ಲಿ ಸ್ನಾನ ಮಾಡಿಯೇ ಒಳಗೆ ಬರಬೇಕು ಎಂಬುದೊಂದು ಕಟ್ಟಳೆ ಹಾಕಿದ್ದರು. ಮೇಡಂ ಕೊನೆಯವರೆಗೂ ಅದನ್ನು ಮುರಿಯಲಿಲ್ಲ, ಮೀನನ್ನೂ ತಿನ್ನಲಿಲ್ಲ.

ನಾನು ಬೋರ್ಡಿಂಗ್ ಶಾಲೆಯಲ್ಲಿ ಗಂಟೆಯ ಸದ್ದಿಗೆ ಎದ್ದು, ಗಂಟೆಯ ಸದ್ದಿಗೆ ಉಂಡು ಬೆಳೆದವನು. ಶಿಸ್ತೆಂದರೆ ನನಗೆ ಪ್ರೀತಿ. ಮೇಡಂ ಬರುವವರೆಗೆ ಆ ಕೇಂದ್ರದಲ್ಲಿ ನನಗೆ ಜೊತೆ ಇರಲಿಲ್ಲ. ಅವರು ಬಾಟಲಿಗಳನ್ನು ಲೇಬಲ್ ಎದುರಿಗೆ ಬರುವಂತೆ ಇಡುತ್ತಿದ್ದರು. ತೂಕದ ಯಂತ್ರವನ್ನು ತಾವೇ ಒರೆಸುತ್ತಿದ್ದರು. ಮೀನು ಹೆಚ್ಚಿದ ಮೇಲೆ ಹಲಗೆಯನ್ನು ತಿಕ್ಕದೆ ಚಹಾಕ್ಕೆ ಹೋಗುವವರಲ್ಲ.

ತಾವು ತಿನ್ನದ ಮೀನಿನ ರುಚಿಯನ್ನು ಅವರು ಹೇಗೆ ಅಳೆಯುತ್ತಿದ್ದರು ಎಂದು ಅನೇಕರು ಕೇಳುತ್ತಾರೆ. ನಮ್ಮ ನಾಲಿಗೆಯಿಂದ. ನಾನು, ಜೀಪಿನ ಚಾಲಕ, ಕಾವಲುಗಾರ ಸಾಲಾಗಿ ಕುಳಿತುಕೊಳ್ಳಬೇಕು, ಒಬ್ಬರ ಮುಖ ಒಬ್ಬರು ನೋಡಬಾರದು. ಒಂದು ತುತ್ತು, ನೀರು ಮುಕ್ಕಳಿಸುವುದು, ಸಪ್ಪೆ ಅನ್ನ, ಮತ್ತೆ ಇನ್ನೊಂದು ತುತ್ತು. ಮೇಡಂ ಎದುರು ನಿಂತು ನಮ್ಮ ಮುಖವನ್ನೇ ಓದುತ್ತಿದ್ದರು. ಚಾಲಕ ಪ್ರತಿ ಸಲವೂ ತಟ್ಟೆ ಮುಂದೆ ಚಾಚುವವನು.

"ಇನ್ನೊಂದೀಟು ಹಾಕ್ರಿ ಮೇಡಂ, ಖರೇ ರುಚಿ ಇನ್ನ ತಿಳೀವಲ್ದು."

"ನಿನಗ ತಿಳಿಯೂದ್ರಾಗ ಕೆರೀನ ಖಾಲಿ ಆಗ್ತೈತಿ ತಗೋ," ಎಂದು ಮೇಡಂ ನಗದೆಯೇ ಅನ್ನುತ್ತಿದ್ದರು.

ಹೀಗೆ ಹುಟ್ಟಿದ್ದು ಮೀನಿನ ಚಟ್ನಿಪುಡಿ. ರೊಟ್ಟಿಯ ಮಗ್ಗುಲಿಗೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಇಟ್ಟುಕೊಳ್ಳುವ ನಮ್ಮ ಕಡೆಯ ಜನಕ್ಕೆ ಉಪ್ಪಿನಕಾಯಿಗಿಂತ ಪುಡಿಯೇ ಸರಿ ಎಂದು ಅವರು ಲೆಕ್ಕ ಹಾಕಿದ್ದರು. ಜಿಲೇಬಿ ಮೀನನ್ನು ಉಪ್ಪುನೀರಿನಲ್ಲಿ ಅದ್ದಿ, ಬಲೆ ಹೊದಿಸಿದ ಬಿಸಿಲಿನ ಡಬ್ಬಿಯಲ್ಲಿ ಒಣಗಿಸಿ, ಹುರಿದು, ಬ್ಯಾಡಗಿ ಮೆಣಸಿನಕಾಯಿ, ಬೆಳ್ಳುಳ್ಳಿ, ಒಣಕೊಬ್ಬರಿ ಸೇರಿಸಿ ಕುಟ್ಟಿದ ಪುಡಿ. ಮೊದಲ ಮಾದರಿಗಳಿಗೆ ಮೆಣಸಿನಕಾಯಿ ಬಂದದ್ದು ಅವರ ತಾಯಿ ಮನೆಯ ಮಾಳಿಗೆಯ ಮೇಲೆ ಒಣಗಿಸಿ ತುಂಬಿಟ್ಟ ಡಬ್ಬದಿಂದ. ಆ ಪುಡಿ ತಿಂಗಳುಗಟ್ಟಲೆ ಇಟ್ಟರೂ ಕೆಡಲಿಲ್ಲ.

ರಾಣೆಬೆನ್ನೂರು ಕಡೆಯ ಹೊಳೆದಂಡೆಯ ಹಳ್ಳಿಯೊಂದರಲ್ಲಿ ಮೀನು ಮಾರುವ ಹೆಂಗಸರ ಗುಂಪಿಗೆ ಮೇಡಂ ಈ ಕೆಲಸ ಕಲಿಸಿದರು. ಅವರ ಮುಂದಾಳು ಒಬ್ಬ ವಿಧವೆ. ಎಲ್ಲರೂ ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದರು. ಮಾತು ಖಾರ, ಕೈ ಅಚ್ಚುಕಟ್ಟು. ಬುಟ್ಟಿ ಹೊತ್ತು ಸಂತೆ ತಿರುಗುವುದನ್ನು ಬಿಟ್ಟು ಆ ಹೆಂಗಸರು ಸಣ್ಣ ಘಟಕ ಹಾಕಿ ಪುಡಿಯನ್ನೇ ನಂಬಿದರು. ಹಾವೇರಿ, ರಾಣೆಬೆನ್ನೂರಿನ ಅಂಗಡಿಗಳು ಪೊಟ್ಟಣ ಕೇಳಿ ಪಡೆಯತೊಡಗಿದವು.

ಮಳೆಗಾಲ ಹಿಡಿಯಿತು. ಒಂದೊಂದಾಗಿ ಪೊಟ್ಟಣಗಳು ಹಿಂದಕ್ಕೆ ಬಂದವು. ಒಳಗೆ ಬೂಷ್ಟು.

ಯಾರೂ ಬೇರೆ ಯೋಚನೆ ಮಾಡಲಿಲ್ಲ. ಮೀನು ಕೆಟ್ಟಿದೆ, ಹೆಂಗಸರು ಸರಿಯಾಗಿ ತೊಳೆದಿಲ್ಲ ಎಂದರು. ಮೇಲಿನ ಕಚೇರಿಯಿಂದ ಪರಿಶೀಲನೆಗೆ ಬರುತ್ತೇವೆ ಎಂಬ ಸುದ್ದಿಯೂ ಬಂತು. ಸ್ವಚ್ಛತೆ ಸಾಲದು ಎಂದು ಅವರು ಒಂದು ಮಾತು ಬರೆದರೆ ಆ ಘಟಕಕ್ಕೆ ಬೀಗ. ಹೆಂಗಸರು ಮತ್ತೆ ಬುಟ್ಟಿ ಹೊರಬೇಕು. ಈ ಸಲ ಕೆಟ್ಟ ಮೀನಿನವರು ಎಂಬ ಹೆಸರನ್ನೂ ಹೊತ್ತುಕೊಂಡು.

ಆಪಾ ಕೇಂದ್ರಕ್ಕೇ ಬಂದು ಬಾಗಿಲಲ್ಲಿ ನಿಂತಿದ್ದರು. ಕೂಗಾಡಲಿಲ್ಲ.

"ಮೇಡಂರೀ, ನೀವು ಹೇಳಿದ್ದರಾಗ ಒಂದೂ ಬಿಟ್ಟಿಲ್ಲ ನಾವು. ನನ್ನ ಮನ್ಯಾಗ ಕುಡಿಯೋ ನೀರಿಗೆ ಅಷ್ಟು ಕೈ ತೊಳಕೊಂಡಿಲ್ಲ, ನಿಮ್ಮ ಮೀನಿಗೆ ತೊಳಕೊಂಡೇನಿ. ಇನ್ನ ನೀವ ಹೇಳ್ರಿ, ತಪ್ಪು ಯಾರದು."

ಮೇಡಂ ಹೇಳಿದ್ದು ಇಷ್ಟೇ: "ಗೊತ್ತಿಲ್ಲ ಆಪಾ. ಹುಡುಕ್ತೇನಿ."

ಮೊದಲು ಅಂಗಡಿಗಳಲ್ಲಿ ಉಳಿದಿದ್ದ ಪೊಟ್ಟಣಗಳನ್ನೆಲ್ಲ ತಾವೇ ಜೀಪಿನಲ್ಲಿ ಹೋಗಿ ಎತ್ತಿಕೊಂಡು ಬಂದರು. ಕೆಡದಂತೆ ಒಂದಿಷ್ಟು ರಾಸಾಯನಿಕ ಹಾಕಿ ಮಾತು ಮುಗಿಸಿ ಎಂದು ಹಿರಿಯರೊಬ್ಬರು ಫೋನಿನಲ್ಲಿ ಸಲಹೆ ಕೊಟ್ಟರು. ಯಾಕೆ ಕೆಟ್ಟಿತು ಎಂದು ತಿಳಿಯದೆ ಏನನ್ನೂ ಹಾಕುವುದಿಲ್ಲ ಎಂದು ಮೇಡಂ ಉತ್ತರಿಸಿದರು. ಆಮೇಲೆ ಹೆಂಗಸರ ಹತ್ತಿರ ಇದ್ದ ಸಾಮಾನನ್ನೇ ತರಿಸಿ ಬೇರೆ ಬೇರೆ ಮಾಡಿದರು. ಒಂದು ಬಾಟಲಿಯಲ್ಲಿ ಮೀನು ಮಾತ್ರ, ಒಂದರಲ್ಲಿ ಮೆಣಸಿನಕಾಯಿ ಪುಡಿ ಮಾತ್ರ, ಒಂದರಲ್ಲಿ ಕೊಬ್ಬರಿ, ಒಂದರಲ್ಲಿ ಹುರಿದ ಬೆಳ್ಳುಳ್ಳಿ. ಮುಚ್ಚಳ ಬಿಗಿದು ಕಪಾಟಿನಲ್ಲಿಟ್ಟೆವು. ಹೊರಗೆ ಮಳೆ ಜಿನುಗುತ್ತಲೇ ಇತ್ತು. ನಾವು ದಿನವೂ ಬಂದ ಕೂಡಲೇ ಮೊದಲು ಆ ಕಪಾಟಿಗೆ ಹೋಗುತ್ತಿದ್ದೆವು...

ಒಂದು ಬೆಳಿಗ್ಗೆ ನಾನು ಕಪಾಟು ತೆರೆದೆ. ಮೀನಿನ ಬಾಟಲಿ ಇಟ್ಟ ಹಾಗೇ ಇತ್ತು, ಅಲುಗಿಸಿದರೆ ಗರಗರ ಸದ್ದು. ಬೂಷ್ಟು ಹಿಡಿದದ್ದು ಮೆಣಸಿನಕಾಯಿಯ ಬಾಟಲಿಗೆ ಮಾತ್ರ.

ಮೇಡಂ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಸ್ಟೂಲಿನ ಮೇಲೆ ಕುಳಿತರು. ಕೆಲಸದ ಹೊತ್ತಿನಲ್ಲಿ ಅವರು ಕುಳಿತದ್ದನ್ನು ನಾನು ಅದೇ ಮೊದಲು ಕಂಡದ್ದು.

"ಭಾಯ್, ಮೀನು ಏನೂ ತಪ್ಪು ಮಾಡಿಲ್ಲ ನೋಡ್ರಿ," ಎಂದು ನನ್ನತ್ತ ತಿರುಗಿದರು. "ನಮ್ಮ ಕಾಯಿ ಮಾಡೈತಿ."

ವಿಷಯ ಇಷ್ಟೇ. ಬ್ಯಾಡಗಿಯ ಕಾಯಿ ಚೆನ್ನಾಗಿ ಒಣಗಿದರೆ ಮುಟ್ಟಿದರೆ ಮುರಿಯುತ್ತದೆ. ಅದಕ್ಕೇ ಚೀಲಕ್ಕೆ ತುಂಬುವ ಮೊದಲು ಒಂದಿಷ್ಟು ನೀರು ಚಿಮುಕಿಸಿ ಮೆತ್ತಗೆ ಮಾಡುತ್ತಾರೆ. ಅದು ಮೋಸವಲ್ಲ, ಎಲ್ಲರಿಗೂ ಗೊತ್ತಿರುವ ರೂಢಿ. ಎಷ್ಟು ಗೊತ್ತಿತ್ತೆಂದರೆ, ಅದು ನೀರು ಎಂಬುದೇ ಯಾರ ತಲೆಗೂ ಹೊಳೆಯುತ್ತಿರಲಿಲ್ಲ. ಘಟಕ ಶುರುವಾದ ಮೇಲೆ ಕಾಯಿ ಬಂದದ್ದು ತಾಯಿಯ ಡಬ್ಬದಿಂದಲ್ಲ, ತಂದೆಯ ಅಂಗಡಿಯ ಚೀಲದಿಂದ. ಅದರ ಮೇಲೆ ಇನ್ನೊಂದು. ಬ್ಯಾಡಗಿಯ ಕಾಯಿಯ ಮರ್ಯಾದೆಯೆಲ್ಲ ಅದರ ಬಣ್ಣದಲ್ಲಿದೆ. ಹೆಚ್ಚು ಹುರಿದರೆ ಕೆಂಪು ಹೋಗುತ್ತದೆ, ಸುಮ್ಮನೆ ಬೆಚ್ಚಗೆ ಮಾಡಿ ಸಾಕು ಎಂದು ಹೆಂಗಸರಿಗೆ ಹೇಳಿಕೊಟ್ಟವರು ಮೇಡಂ ಅವರೇ. ಮೀನನ್ನು ಪ್ರತಿ ಸಲ ಒಲೆಯಲ್ಲಿ ಒಣಗಿಸಿ ತೂಗಿ ತೇವ ಅಳೆದವರು ಮೆಣಸಿನಕಾಯಿಯನ್ನು ಒಮ್ಮೆಯೂ ಅಳೆದಿರಲಿಲ್ಲ. ಮನೆಯ ಕಾಯಿಯಲ್ಲವೇ...

ಪರಿಶೀಲನೆಯ ದಿನ ಬಾಟಲಿಗಳನ್ನು ನಾನೇ ಮೇಜಿನ ಮೇಲೆ ಜೋಡಿಸಿದೆ. ಆಪಾ ಹಿಂದಿನ ಬೆಂಚಿನಲ್ಲಿ ಕುಳಿತಿದ್ದರು. ಮೇಡಂ ಎದ್ದು ನಿಂತು ಮೀನು ಶುದ್ಧವಾಗಿತ್ತು, ಹೆಂಗಸರ ಕೈ ಶುದ್ಧವಾಗಿತ್ತು ಎಂದು ಹೇಳಿ, ತೇವ ಉಳಿದದ್ದು ಎಲ್ಲಿ ಎಂದು ತೋರಿಸಿದರು. ಆ ಕಾಯಿ ನನ್ನ ತಂದೆಯ ಅಂಗಡಿಯದು, ಹುರಿಯಬೇಡಿ ಎಂದ ಮಾತು ನನ್ನದು ಎಂದರು. ಬಂದಿದ್ದ ಅಧಿಕಾರಿ ಒಳ್ಳೆಯವರು. ಮನೆತನದ ಮಾತು ಯಾಕೆ ಮೇಡಂ, ಮೆಣಸಿನಕಾಯಿ ಎಂದಷ್ಟೇ ಬರೆದುಕೊಳ್ಳುತ್ತೇನೆ ಎಂದು ಮೆಲ್ಲಗೆ ಹೇಳಿದರು. ಮೇಡಂ ಒಪ್ಪಲಿಲ್ಲ. ಬರೀ ಮೆಣಸಿನಕಾಯಿ ಎಂದರೆ ಅದನ್ನೂ ಈ ಹೆಂಗಸರೇ ಅಗ್ಗದ್ದು ನೋಡಿ ಕೊಂಡರು ಎಂದು ನಾಳೆ ಜನ ಹೇಳುತ್ತಾರೆ, ಪೂರ್ತಿ ಬರೆಯಿರಿ ಎಂದರು. ಘಟಕ ಉಳಿಯಿತು.

ಮೇಡಂ ಊರು ಮುಟ್ಟುವುದರೊಳಗೆ ಮಾತು ಬ್ಯಾಡಗಿ ಮುಟ್ಟಿತ್ತು. ಮಗಳೇ ಅಪ್ಪನ ಕಾಯಿಗೆ ಬೂಷ್ಟು ಹಚ್ಚಿದಳು ಎಂದು ಮಾರುಕಟ್ಟೆಯಲ್ಲಿ ನಕ್ಕರಂತೆ.

ಮೂರ್ನಾಲ್ಕು ದಿನ ಕಳೆದಿರಬೇಕು, ಮನೆಯಲ್ಲಿ ಆ ಮಾತೇ ಎತ್ತದ ತಂದೆ ನಮ್ಮ ಕೇಂದ್ರಕ್ಕೆ ಬಂದರು. ಅದುವರೆಗೆ ಆ ಹೊಸ್ತಿಲು ತುಳಿದವರಲ್ಲ. ಬಿಳಿ ಧೋತರ, ಬಿಳಿ ಟೋಪಿ, ಮೂಗಿಗೆ ಅಡ್ಡ ಹಿಡಿದ ಶಲ್ಯ. ನಾನು ಕುರ್ಚಿ ಒರೆಸಿ ಕೊಟ್ಟೆ, ಅವರು ಕುಳಿತುಕೊಳ್ಳಲಿಲ್ಲ.

"ಅಂಗಡಿ ಹೆಸರು ಯಾಕ ಹೇಳಿದಿ ಯವ್ವಾ?"

ಮೇಡಂ ಕೈಯಲ್ಲಿದ್ದ ಮೀನನ್ನು ಕೆಳಗಿಟ್ಟರು. "ಮತ್ತ ಯಾರ ಹೆಸರು ಹೇಳಬೇಕಿತ್ತಪ್ಪಾ?"

ಮುದುಕರು ಎರಡು ಹೆಜ್ಜೆ ಮುಂದೆ ಬಂದರು. ಕಪಾಟಿನ ಬಾಟಲಿಗಳನ್ನು ನೋಡಿದರು. ಅವುಗಳಲ್ಲಿ ಬೂಷ್ಟು ಹಿಡಿದದ್ದನ್ನು ತಾವೇ ಎತ್ತಿ, ತಿರುಗಿಸಿ, ಮತ್ತೆ ಅದೇ ಜಾಗದಲ್ಲಿಟ್ಟರು. ಶಲ್ಯ ಯಾವಾಗಲೋ ಮೂಗಿನಿಂದ ಜಾರಿತ್ತು.

"ನೀರ ಹೊಡದದ್ದು ಖರೇ," ಎಂದರು. "ಇನ್ನ ಮ್ಯಾಲ ನಿಮ್ಮ ಚೀಲಕ್ಕ ಹೊಡಿಯೂದಿಲ್ಲ. ಮುರದರ ಮುರೀಲಿ. ಹೆಂಗೂ ನೀವು ಕುಟ್ಟವ್ರು."

ಅಂದಿನಿಂದ ಘಟಕದ ಕಾಯಿ ಬೇರೆ ಚೀಲದಲ್ಲಿ, ನೀರು ಕಾಣದೆ ಬರುತ್ತಿತ್ತು. ಅಪ್ಪನ ಮಾತನ್ನು ನಂಬಿದರೂ ಮೇಡಂ ಬಿಸಿಲನ್ನು ಬಿಡಲಿಲ್ಲ. ಕಾಯಿಯೂ ಮೀನಿನ ಪಕ್ಕದಲ್ಲೇ ಒಣಗಬೇಕು, ಕಿವಿಯ ಹತ್ತಿರ ಹಿಡಿದು ಮುರಿದರೆ ಟಕ್ ಎನ್ನಬೇಕು, ಆಮೇಲೆ ಚೆನ್ನಾಗಿ ಹುರಿಯಬೇಕು. ಪುಡಿಯ ಕೆಂಪು ಸ್ವಲ್ಪ ಕಂದಿತು. ಅಂಗಡಿಯವರು ಗೊಣಗಿದರು. ಬಣ್ಣ ನೋಡೋರಿಗೆ ಪಟ ಮಾರೋಣ, ಉಣ್ಣೋರಿಗೆ ಚಟ್ನಿ ಮಾರೋಣ ಎಂದು ಆಪಾ ಅವರ ಬಾಯಿ ಮುಚ್ಚಿಸಿದರು. ಮುಂದಿನ ಮಳೆಗಾಲದಲ್ಲಿ ಒಂದು ಪೊಟ್ಟಣವೂ ಹಿಂದಕ್ಕೆ ಬರಲಿಲ್ಲ.

ಆಮೇಲೆ ಮೇಡಂಗೆ ಕರಾವಳಿಗೆ ವರ್ಗವಾಯಿತು. ನಾನು ನಿವೃತ್ತನಾದೆ. ಹಬ್ಬಕ್ಕೊಮ್ಮೆ ಅವರ ಫೋನು ಬರುತ್ತಿತ್ತು, ಮನೆಯಲ್ಲೂ ಬಾಟಲಿಗಳು ಸಾಲಾಗಿವೆಯೇ ಎಂದು ಕೇಳುತ್ತಿದ್ದರು. ತಮ್ಮ ಕಾಯಿಲೆಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಅವರು ಹೋದ ಸುದ್ದಿ ನನಗೆ ತಲುಪಿದ್ದು ಎಲ್ಲ ಮುಗಿದ ಮೇಲೆ. ಅಷ್ಟು ಅಚ್ಚುಕಟ್ಟಾದವರು ಹೀಗೆ ಅವಸರದಲ್ಲಿ...

ಮೆಣಸಿನಕಾಯಿಯ ಘಾಟು ಬಂದ ಆ ದಿನ ನಾನು ರೈಲಿನಲ್ಲಿ ಹೊರಟಿದ್ದು ರಾಣೆಬೆನ್ನೂರಿಗೆ. ಇಳಿದವನು ಮನಸ್ಸು ತಡೆಯದೆ ಆಟೋ ಹಿಡಿದು ಹೊಳೆದಂಡೆಯ ಘಟಕಕ್ಕೆ ಹೋದೆ. ಆಪಾಗೆ ಈಗ ಕಣ್ಣು ಕಾಣುವುದಿಲ್ಲ, ಮನೆಯಲ್ಲೇ ಇರುತ್ತಾರೆ. ಅಂಗಳದಲ್ಲಿ ಕೆಲಸಕ್ಕೆ ಇತ್ತೀಚೆಗೆ ಸೇರಿದ, ಆ ಊರಿನ ಒಬ್ಬ ಸೊಸೆ ಮೆಣಸಿನಕಾಯಿ ಹರವುತ್ತಿದ್ದಳು. ನೋಡಿದರೆ ಚೆನ್ನಾಗಿಯೇ ಒಣಗಿತ್ತು. ಮೋಡ ಬರುತ್ತಿದೆ, ಎತ್ತಿಡಬಾರದೇ ತಾಯಿ ಎಂದೆ.

ಅವಳು ಒಂದು ಕಾಯಿಯನ್ನು ಕಿವಿಗೆ ಹಿಡಿದು ಮುರಿದಳು. ತಲೆ ಅಲ್ಲಾಡಿಸಿದಳು.

"ಬ್ಯಾಡ್ರಿ ಅಜ್ಜಾರ. ಇನ್ನೊಂದು ಬಿಸಲು ಕಾಣಲಿ. ಹಸಿ ಉಳದ್ರ ಮೇಡಂ ಬೈತಾರ."

ಯಾವ ಮೇಡಂ ಎಂದು ಕೇಳಿದೆ.

"ಹಾವೇರಿ ಮೇಡಂರೀ. ನಾ ಇನ್ನ ನೋಡಿಲ್ಲ. ಭಾಳ ಕಟ್ಟುನಿಟ್ಟಂತ. ಯಾವಾಗ ಬರ್ತಾರಂತ ಹೇಳಾಕ ಬರೂದಿಲ್ಲಂತ."

ಅವರು ಇನ್ನು ಬರುವುದಿಲ್ಲ ಎಂದು ನಾನು ಹೇಳಬೇಕಾಗಿತ್ತು. ಊರಿಗೆ ಮರಳುವ ಬಸ್ಸಿನ ಹೊತ್ತು ಮೀರುತ್ತಿತ್ತು. ನಾನು ಆಟೋದವನನ್ನು ಕಳಿಸಿ, ಅಂಗಿಯ ತೋಳು ಮಡಚಿಕೊಂಡು, ಅವಳ ಪಕ್ಕದಲ್ಲಿ ಕುಳಿತು ಮೆಣಸಿನಕಾಯಿ ಮಗುಚಿ ಹಾಕತೊಡಗಿದೆ.